ಕೋಸಂಬರಿಯ ಪಕ್ಕದ ಸೊನ್ನೆ

ಕೋಸಂಬರಿ ಎಂಬ ಹೆಸರಿನ ಪಕ್ಕದಲ್ಲಿ ಒಂದು ಖಾಲಿ ಸೊನ್ನೆ ಇತ್ತು. ಪೆನ್ಸಿಲಿನಲ್ಲಿ ಬರೆದದ್ದು, ಹೆಸರುಕಾಳಿನಷ್ಟು ಗಾತ್ರ, ಒಳಗೆ ಏನೂ ಇಲ್ಲ. ಹತ್ತೊಂಬತ್ತು ವರ್ಷಗಳಿಂದ ಅದು ಹಾಗೆಯೇ ಇತ್ತಂತೆ. ನಾನು ಅದನ್ನು ಮೊದಲ ಸಲ ನೋಡಿದ್ದು ಒಂದು ಸೋಮವಾರ ಬೆಳಿಗ್ಗೆ, ಕೈಯಲ್ಲಿ ಕೆಂಪು ಪೆನ್ಸಿಲು ಹಿಡಿದುಕೊಂಡು.

ನಮ್ಮ ಊರಿನ ಕಾರ್ಖಾನೆಯಲ್ಲಿ ಕಂಪ್ಯೂಟರ್ ಚಿಪ್‌ಗಳನ್ನು ಮಾಡುತ್ತಿದ್ದರು. ಮಾರಾಟಕ್ಕೆ ಹೊರಡುವಾಗ ಚಿಪ್ಪಿನ ಮೈಮೇಲೆ ನಂಬರು ಬೀಳುತ್ತಿತ್ತು. ಅಲ್ಲಿಯವರೆಗೆ, ಹೊರಗಿನವರಿಗೆ ಗುಟ್ಟು ತಿಳಿಯಬಾರದೆಂದು, ಅದಕ್ಕೊಂದು ಗುಪ್ತನಾಮ. ಹೆಸರಿಡುವುದಕ್ಕೆಂದು ನಮ್ಮ ಎಂಜಿನಿಯರುಗಳು ತಲೆ ಕೆಡಿಸಿಕೊಂಡವರಲ್ಲ. ಕೆಲಸ ಶುರುವಾದ ದಿನ ಕ್ಯಾಂಟೀನಿನಲ್ಲಿ ಏನು ಬಡಿಸಿದ್ದರೋ ಅದೇ ಹೆಸರು. ಮಜ್ಜಿಗೆಹುಳಿ, ಗೊಜ್ಜವಲಕ್ಕಿ, ಹುರುಳಿಸಾರು. "ಹುರುಳಿಸಾರು ವಿಪರೀತ ಬಿಸಿಯಾಗ್ತಿದೆ" ಎಂದು ಒಬ್ಬರು ಕೂಗಿದರೆ ಇನ್ನೊಬ್ಬರು ಫ್ಯಾನು ತರಲು ಓಡುತ್ತಿದ್ದರು. ಹೊಸದಾಗಿ ಸೇರಿದವರಿಗೆ ತಾವು ಬಂದದ್ದು ಕಾರ್ಖಾನೆಗೋ ಅಡುಗೆಮನೆಗೋ ಎಂದು ಅನುಮಾನವಾಗುತ್ತಿತ್ತು.

ವರ್ಷಗಳು ಕಳೆದಂತೆ ಯಾವ ಹೆಸರು ಯಾವ ನಂಬರಾಯಿತು ಎಂಬುದು ಹೆಸರಿಟ್ಟವರಿಗೇ ಮರೆತುಹೋಗುತ್ತಿತ್ತು. ದುರಸ್ತಿಗೆ ಬಂದ ಯಂತ್ರದ ಹಳೆಯ ನಕ್ಷೆ ಬಿಚ್ಚಿದರೆ ಅದರಲ್ಲಿ ಗೊಜ್ಜವಲಕ್ಕಿ ಎಂದಿರುತ್ತಿತ್ತೇ ಹೊರತು ನಂಬರಿರುತ್ತಿರಲಿಲ್ಲ. ಆಗ ಎಲ್ಲರೂ ಮೆಟ್ಟಿಲಿಳಿದು ಹೋಗುತ್ತಿದ್ದದ್ದು ದಾಖಲೆ ವಿಭಾಗದ ಸರ್ವಮಂಗಳಾ ಅವರ ಬಳಿಗೆ. ಆ ವಿಭಾಗದಲ್ಲಿ ಇದ್ದವರು ಅವರೊಬ್ಬರೇ. ಇನ್ನೂರ ಹನ್ನೆರಡು ಹೆಸರುಗಳ ಪಟ್ಟಿಯನ್ನು ಅವರು ರಟ್ಟಿನ ಕಾರ್ಡುಗಳಲ್ಲಿ ಬರೆದಿಟ್ಟಿದ್ದರು, ಹೆಸರಿಗೊಂದು ಕಾರ್ಡು. ಅದಕ್ಕೊಂದು ಕಟ್ಟಳೆಯೂ ಇತ್ತು. ಹೆಸರು ಕಿವಿಗೆ ಬಿದ್ದ ದಿನ ಪಕ್ಕದಲ್ಲಿ ಖಾಲಿ ಸೊನ್ನೆ ಹಾಕಿ, ಹೇಳಿದವರು ಯಾರು, ಏನು ಹೇಳಿದರು ಎಂದು ಬರೆಯುವುದು. ಆ ಚಿಪ್ಪನ್ನೇ ಕಣ್ಣಾರೆ ಕಂಡ ದಿನ ಸೊನ್ನೆಗೆ ನೀಲಿ ಶಾಯಿ ತುಂಬಿ, 'ಕಂಡವರು' ಎಂಬಲ್ಲಿ ಸಹಿ ಹಾಕುವುದು. ದೊಡ್ಡ ಸಾಹೇಬರೇ ಬಂದು ಆಣೆ ಮಾಡಿದರೂ ಕಾಣದ ಚಿಪ್ಪಿಗೆ ಅವರು ಶಾಯಿ ತುಂಬುತ್ತಿರಲಿಲ್ಲ.

ನನ್ನನ್ನು ಆಡಳಿತ ಕಚೇರಿಯವರು ಕಳಿಸಿದ್ದು ಆ ಪಟ್ಟಿಯನ್ನು ಚೊಕ್ಕ ಮಾಡಲಿಕ್ಕೆ. ಕಾಗದಪತ್ರದ ಆಧಾರವಿಲ್ಲದ ಹೆಸರುಗಳನ್ನು ಹೊಡೆದು, ಉಳಿದದ್ದನ್ನು ಅಚ್ಚು ಹಾಕಿಸಿ, ಕಾರ್ಡುಗಳನ್ನು ರದ್ದಿಗೆ ಹಾಕಿ, ವಿಭಾಗಕ್ಕೆ ಬೀಗ ಹಾಕಬೇಕು. ಆಗ ನನಗೆ ಚೊಕ್ಕತನದ ಹುಚ್ಚು. ಮನೆಯಲ್ಲಿ ಸಾಂಬಾರದ ಡಬ್ಬಿಗಳಿಗೂ ಚೀಟಿ ಅಂಟಿಸಿ ಹೆಂಡತಿಯಿಂದ ಬೈಸಿಕೊಂಡವನು ನಾನು.

"ಅರವತ್ತೊಂದು ಖಾಲಿ ಸೊನ್ನೆ ಇವೆ ಮೇಡಂ. ಯಾವುದಕ್ಕೂ ಕಾಗದ ಇಲ್ಲ. ತೆಗೆದುಬಿಡೋಣ" ಎಂದೆ.

"ಕಾಗದ ಇಲ್ದೇ ಇದ್ರೆ ಹುಟ್ಟೇ ಇಲ್ಲ ಅಂತಾನಾ ಸಾರ್?" ಎಂದು ಅವರು ಕೇಳಿದರು. ಧ್ವನಿಯಲ್ಲಿ ಕೋಪವಿರಲಿಲ್ಲ. ಅದೇ ನನ್ನನ್ನು ಕೆರಳಿಸಿತು.

"ಹಾಗಾದ್ರೆ ಒಂದು ಕೆಲಸ ಮಾಡಿ. ಶನಿವಾರದೊಳಗೆ ಒಂದೇ ಒಂದು ಸೊನ್ನೆ ತುಂಬಿ ತೋರಿಸಿ. ಪಟ್ಟಿ ಪೂರ್ತಿ ಹಾಗೇ ಬಿಡ್ತೀನಿ, ವಿಭಾಗ ಮುಚ್ಚಬಾರದು ಅಂತಾನೂ ನಾನೇ ಬರೀತೀನಿ. ಆಗ್ಲಿಲ್ಲ ಅಂದ್ರೆ ಅರವತ್ತೊಂದಕ್ಕೂ ಕೆಂಪು ಗೆರೆ."

ಅವರು ಒಂದು ಕ್ಷಣ ಯೋಚಿಸಿ ಕೋಸಂಬರಿಯ ಕಾರ್ಡನ್ನು ಎಳೆದರು. ಕಿಟಕಿಯ ಹತ್ತಿರ ಹೋಗಿ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಆಮೇಲೆ ನನ್ನ ಕೈಗೆ ಕೊಟ್ಟರು. "ನೀವೇ ಓದಿ ಸಾರ್, ಇಲ್ಲಿ ಬೆಳಕು ಕಮ್ಮಿ." ಕಿಟಕಿಯಿಂದ ಬಿಸಿಲು ಧಾರಾಳವಾಗಿ ಬೀಳುತ್ತಿತ್ತು. ನಾನು ಹೆಚ್ಚು ಯೋಚಿಸದೆ ಓದಿದೆ: 'ಹೇಳಿದವರು ಮರಿಸಿದ್ದಯ್ಯ. ಒಂದೇ ತಟ್ಟೆ ಆಯಿತು. ಗುರುತು 4-17.'

ನನಗೆ ಒಳಗೊಳಗೇ ನಗು ಬಂತು. ಉಳಿದ ಅರವತ್ತು ಹೆಸರುಗಳಿಗೆ ಕಾಗದವೇ ಇರಲಿಲ್ಲ. ಕೋಸಂಬರಿಗಾದರೆ ವಿರುದ್ಧವಾದ ಕಾಗದವೇ ಇತ್ತು. 'ಕೆಲಸ ನಿಲ್ಲಿಸಲಾಗಿದೆ. ಒಂದು ಚಿಪ್ಪೂ ತಯಾರಾಗಿಲ್ಲ' ಎಂಬ ಆದೇಶ ನನ್ನ ಕಡತದಲ್ಲೇ ಇತ್ತು. ಅದನ್ನೇ ತೋರಿಸಿದೆ. "ಗೊತ್ತು ಸಾರ್. ಆದ್ರೆ ಮರಿಸಿದ್ದಯ್ಯ ಸುಳ್ಳು ಹೇಳೋ ಪೈಕಿ ಅಲ್ಲ" ಎಂದು ಅವರು ಕಾರ್ಡನ್ನು ಚೀಲಕ್ಕೆ ಹಾಕಿಕೊಂಡರು.

ಮರಿಸಿದ್ದಯ್ಯ ಚಿಪ್ಪಿನ ಬಿಲ್ಲೆಗಳನ್ನು ತಟ್ಟೆಗಳಲ್ಲಿಟ್ಟು ಕಾಯಿಸುವ ನಾಲ್ಕನೇ ಫರ್ನೇಸಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾಗಿದ್ದವನು. ಬುಧವಾರ ನಾವು ಹೋದಾಗ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ. ಕೋಸಂಬರಿಯ ಹೆಸರೆತ್ತಿದ ಕೂಡಲೇ ಅವನ ಕೈ ನಿಂತಿತು.

"ನಿಲ್ಸಿ ಅಂತ ಆರ್ಡ್ರು ಬಂದಿದ್ದು ಹನ್ನೊಂದು ಗಂಟ್ಗೆ. ಕೋಸಂಬ್ರಿದು ಒಂದೇ ತಟ್ಟೆ, ನಮ್ ಫರ್ನೇಸಿನ ಹದಿನೇಳನೇದು, ಒಳಕ್ಕೋಗಿದ್ದು ಬೆಳಿಗ್ಗೆ ಏಳಕ್ಕೆ. ಅರ್ಧ ಬೆಂದಿದ್ದನ್ನ ಒಲೆಯಿಂದ ಇಳ್ಸೋದಾ ಸಾ? ನನ್ ಕೈಲಾಗ್ನಿಲ್ಲ. ಎಂಜಿನೀರ್ ಸಾಯೇಬ್ರೂ ಸುಮ್ನಾದ್ರು. ಮಿಕ್ಕ ಕೆಲ್ಸಾನೂ ಮುಗ್ಸಿದ್ರು."

"ಆ ಚಿಪ್ ಎಲ್ಲಿಗೆ ಹೋದವು?" ಎಂದು ಕೇಳಿದೆ.

ಅವನು ನನ್ನ ಜೇಬಿನ ಕೆಂಪು ಪೆನ್ಸಿಲನ್ನು ನೋಡುತ್ತ ಮತ್ತೆ ಅವರೆಕಾಯಿ ಸುಲಿಯತೊಡಗಿದ. "ಹೇಳು ಮರಿಸಿದ್ದಯ್ಯ, ಇವರು ಬರ್ಕೊಳ್ಳೋದಿಲ್ಲ" ಎಂದರು ಸರ್ವಮಂಗಳಾ. ನನ್ನನ್ನು ಕೇಳದೆಯೇ ನನ್ನ ಪರವಾಗಿ ಮಾತು ಕೊಟ್ಟಿದ್ದರು. ನಾನು ಪೆನ್ಸಿಲನ್ನು ತೆಗೆದು ಚೀಲದೊಳಗೆ ಇಟ್ಟೆ.

"ಸಾಯೇಬ್ರು ಎಲ್ಲಾನೂ ಪರೀಕ್ಷೆ ಮಾಡಿದ್ರು. ಒಂದೇ ಒಂದು ಪಾಸಾಯ್ತು. ಹೆರಿಗೆ ಆಸ್ಪತ್ರೆಗೆ ಕಾರ್ಖಾನೆಯೋರು ಒಂದು ಪೆಟ್ಗೆ ದಾನ ಕೊಟ್ರಲ್ಲ, ದಿನ ತುಂಬ್ದಿರೋ ಕೂಸ್ಗಳ್ನ ಬೆಚ್ಚಗಿಡೋದು? ಅದ್ರೊಳಗೆ ಶಾಖ ನೋಡ್ಕೊಳ್ಳಕ್ಕೆ ಹಾಕ್ಬುಟ್ರು. ಅವತ್ತು ಬಾಯ್ಬಿಟ್ಟಿದ್ರೆ ಇಬ್ರಿಗೂ ಕೆಲ್ಸ ಹೋಗದು. ಸಾಯೇಬ್ರು ಈಗಿಲ್ಲ. ನಂಗೆ ಯಾವ ಭಯ?"

ಗುರುವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಎಳೆಮಕ್ಕಳ ವಾರ್ಡಿನ ಫ್ಲೇವಿಯಾ ಸಿಸ್ಟರ್ ನಮ್ಮ ಮಾತನ್ನು ಪೂರ್ತಿ ಕೇಳಿದರು. ಕೇಳಿ, "ಬಿಚ್ಚೋದಾ? ಒಳಗೆ ಮಗು ಇದೆ, ಕಾಣೋದಿಲ್ವಾ?" ಎಂದರು.

ಗಾಜಿನಾಚೆ ಮೊಳಕ್ಕಿಂತ ತುಸು ಚಿಕ್ಕದಾದ ಹೆಣ್ಣುಮಗುವೊಂದು ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿತ್ತು. ಒಂದು ಕಿಲೋ ಎಂಟುನೂರು ಗ್ರಾಂ ಆದರೆ ಹೊರಗೆ ತೆಗೆಯುತ್ತಾರಂತೆ. ಅಂದಿನ ತೂಕ ಒಂದು ಕಿಲೋ ಏಳುನೂರ ಅರವತ್ತು. "ಬೇಡ ಸಿಸ್ಟರ್, ದಯವಿಟ್ಟು ಮುಟ್ಟಬೇಡಿ. ನಮ್ಮ ಪಟ್ಟಿ ಹೋದ್ರೆ ಹೋಗ್ಲಿ" ಎಂದು ಸರ್ವಮಂಗಳಾ ಗಾಬರಿಯಿಂದ ಹಿಂದೆ ಸರಿದರು. ತಮ್ಮ ಇಷ್ಟು ವರ್ಷಗಳ ಕೆಲಸವನ್ನು ಅವರು ಅಷ್ಟು ಸಲೀಸಾಗಿ ಬಿಟ್ಟುಕೊಟ್ಟಿದ್ದರು. ನನ್ನ ಗಡುವಿನ ಬಗ್ಗೆ ನನಗೇ ನಾಚಿಕೆಯಾಯಿತು. ಆದರೂ ಹಿಂತೆಗೆದುಕೊಳ್ಳಲು ಬಿಂಕ ಬಿಡಲಿಲ್ಲ.

ಬಿಂಕ ಬಿಡದಿದ್ದರೂ ಕಾಲು ಸುಮ್ಮನಿರಲಿಲ್ಲ. ಶುಕ್ರವಾರ ಕಚೇರಿಗೆ ಹೋಗುವ ಮೊದಲೇ ಆಸ್ಪತ್ರೆಗೆ ಹೋಗಿ ವಾರ್ಡಿನ ಬಾಗಿಲಲ್ಲಿ ನಿಂತೆ. "ಏಳುನೂರ ಎಂಬತ್ತು" ಎಂದರು ಸಿಸ್ಟರ್. ಮಗುವಿನ ತಾಯಿ ನನ್ನನ್ನು ಯಾರೋ ದೂರದ ನೆಂಟನೆಂದು ತಿಳಿದು, "ಹಾಲು ಚೆನ್ನಾಗಿ ಕುಡೀತಾವ್ಳೆ ಅಣ್ಣ" ಎಂದು ಧೈರ್ಯ ಹೇಳಿದಳು. ಆ ದಿನವಿಡೀ ಕಡತದಲ್ಲಿ ಮನಸ್ಸು ನಿಲ್ಲಲಿಲ್ಲ. ಇನ್ನಿಪ್ಪತ್ತು ಗ್ರಾಂ, ಇನ್ನಿಪ್ಪತ್ತೇ ಗ್ರಾಂ ಎಂದು ಎಣಿಸುತ್ತಿದ್ದೆ. ಪಂಥ ಕಟ್ಟಿದವನು ನಾನೇ. ನನ್ನ ಸೋಲಿಗೆ ಹರಕೆ ಹೊರುತ್ತಿದ್ದವನೂ ನಾನೇ.

ಶನಿವಾರ ಬೆಳಿಗ್ಗೆ ಮರಿಸಿದ್ದಯ್ಯನೂ ಸೇರಿ ನಾವು ಮೂವರೂ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಬಾಗಿಲು ತೆರೆಯಿತು. "ಒಂದು ಕಿಲೋ ಎಂಟುನೂರ ಐದು!" ಎಂದು ಫ್ಲೇವಿಯಾ ಸಿಸ್ಟರ್ ಪರೀಕ್ಷೆಯ ಫಲಿತಾಂಶ ಸಾರಿದವರಂತೆ ಹೇಳಿದರು. ತಾಯಿ ಮಗುವನ್ನು ಎದೆಗವಚಿಕೊಂಡಳು. ಸಿಸ್ಟರ್ ಪೆಟ್ಟಿಗೆಯ ಸ್ವಿಚ್ಚು ಆರಿಸಿದರು. ಮರಿಸಿದ್ದಯ್ಯ ನಾಲ್ಕು ಸ್ಕ್ರೂ ಬಿಚ್ಚಿ, ಮುಚ್ಚಳ ಎತ್ತಿ, ಪಕ್ಕಕ್ಕೆ ಸರಿದು ನಿಂತ.

ಧೂಳಿನ ನಡುವೆ ಚಿಕ್ಕದೊಂದು ಕಪ್ಪು ಚಿಪ್ ಕೂತಿತ್ತು. ಸರ್ವಮಂಗಳಾ ಭೂತಗನ್ನಡಿ ಹಿಡಿದು ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ನೆಟ್ಟಗೆ ನಿಂತು, "ಸಾರ್, ನೀವು ನೋಡಿ" ಎಂದು ಗಾಜನ್ನು ನನಗೆ ಕೊಟ್ಟರು.

ಮಾರಾಟದ ನಂಬರಿರಲಿಲ್ಲ. ಬೂದುಬಣ್ಣದ ಸಣ್ಣ ಅಂಕಿಗಳಿದ್ದವು. ನಾನು ಗಟ್ಟಿಯಾಗಿ ಓದಿದೆ: "ನಾಲ್ಕು, ಅಡ್ಡಗೆರೆ, ಹದಿನೇಳು."

ಸರ್ವಮಂಗಳಾ ಕಾರ್ಡನ್ನು ತಲೆಯ ಮೇಲೆತ್ತಿ ಹಿಡಿದು ನಕ್ಕರು. ಅವರು ಅಷ್ಟು ಜೋರಾಗಿ ನಗಬಲ್ಲರೆಂದು ನನಗೆ ಗೊತ್ತಿರಲಿಲ್ಲ. ಮರಿಸಿದ್ದಯ್ಯ ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. "ಬೇರೆ ಪೆಟ್ಟಿಗೆಗಳೆಲ್ಲ ರಿಪೇರಿಗೆ ಹೋಗ್ತಾನೇ ಇರ್ತವೆ. ಇದೊಂದು ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ ಕೈಕೊಟ್ಟಿಲ್ಲ" ಎಂದರು ಸಿಸ್ಟರ್. ಏನು ನಡೆಯುತ್ತಿದೆಯೆಂದು ಗೊತ್ತಿಲ್ಲದ ತಾಯಂದಿರೂ ಚಪ್ಪಾಳೆ ತಟ್ಟಿದರು. ಸೋತ ನಾನು ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಅಷ್ಟು ಖುಷಿ ನನಗೆ ಯಾವ ಗೆಲುವಿನಲ್ಲೂ ಆಗಿರಲಿಲ್ಲ.

ನನ್ನ ಪೆನ್ನಿನ ಮುಚ್ಚಳ ತೆಗೆದು ಅವರತ್ತ ಚಾಚಿದೆ. "ತುಂಬಿ ಮೇಡಂ."

ಅವರು ಪೆನ್ನು ತೆಗೆದುಕೊಳ್ಳಲಿಲ್ಲ. "ನಾನು ಕಾಣಲಿಲ್ಲ ಸಾರ್" ಎಂದರು. "ಎರಡು ವರ್ಷದಿಂದ ಸಣ್ಣಕ್ಷರ ಎಲ್ಲ ಮಂಜು. ಡಾಕ್ಟರೂ ಕೈಚೆಲ್ಲಿದ್ದಾರೆ. ಕಾರ್ಡುಗಳು ಬಾಯಿಪಾಠ ಆಗಿವೆ, ಹೇಗೋ ನಡೀತಿತ್ತು. ಇವತ್ತು ನಾನು ನಿಮ್ಮ ಬಾಯಲ್ಲಿ ಕೇಳಿದೆ ಅಷ್ಟೇ. ಕೇಳಿದ್ದಕ್ಕೆ ಖಾಲಿ ಸೊನ್ನೆ. ಕಂಡವರು ನೀವು. ನೀವೇ ತುಂಬಬೇಕು."

ಸಿಸ್ಟರ್ ಮೇಜಿನ ಮೇಲೆ ಜಾಗ ಮಾಡಿಕೊಟ್ಟರು. ನಾನು ಕಾರ್ಡನ್ನಿಟ್ಟುಕೊಂಡು ಸೊನ್ನೆಗೆ ಶಾಯಿ ತುಂಬಿದೆ. 'ಕಂಡವರು' ಎಂಬಲ್ಲಿ ನನ್ನ ಹೆಸರು ಬರೆದು ಸಹಿ ಹಾಕಿದೆ.

ಸೋಮವಾರ ನನ್ನ ವರದಿ ಮೇಲಕ್ಕೆ ಹೋಯಿತು. ಪಟ್ಟಿ ಪೂರ್ತಿಯಾಗಿ ಉಳಿಯಿತು, ವಿಭಾಗಕ್ಕೆ ಬೀಗ ಬೀಳಲಿಲ್ಲ. ಆ ಚಿಪ್ಪನ್ನು ಯಾರು, ಯಾವ ನಿಯಮ ಮುರಿದು ಹಾಕಿದರು ಎಂದು ನಾನು ಬರೆಯಲಿಲ್ಲ. ಅದೇ ಸೋಮವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಪ್ರತಿ ತಟ್ಟೆಗೂ ಒಂದು ಹಿಡಿ ಕೋಸಂಬರಿ ಬಿತ್ತು. ಒಳಗೆ ಬಂದ ಸರ್ವಮಂಗಳಾ ಅವರಿಗೆ ಎಂಜಿನಿಯರುಗಳೆಲ್ಲ ಎದ್ದು ನಿಂತು ಜಾಗ ಬಿಟ್ಟರು. ನಾನು ವರ್ಗ ಕೇಳಿ ಪಡೆದು ಅವರ ಪಕ್ಕದ ಮೇಜಿಗೆ ಬಂದೆ. ಅವರು ನಿವೃತ್ತರಾಗುವವರೆಗೆ ಅವರು ಹೇಳುವುದು, ನಾನು ಹೋಗಿ ಕಂಡು ಬರುವುದು, ಹೀಗೆ ನಡೆಯಿತು. ಅರವತ್ತೊಂದರಲ್ಲಿ ನಲವತ್ತಮೂರು ಸೊನ್ನೆಗಳು ತುಂಬಿದವು.

ಈಗ ಕಾರ್ಡುಗಳು ನಾನೂರು ದಾಟಿವೆ. ಹೊಸ ಹೆಸರು ಕಿವಿಗೆ ಬಿದ್ದಾಗ ಪಕ್ಕದಲ್ಲಿ ಖಾಲಿ ಸೊನ್ನೆ ಹಾಕಿ, ಹೇಳಿದವರ ಹೆಸರು ಬರೆದುಕೊಳ್ಳುತ್ತೇನೆ. ಒಮ್ಮೊಮ್ಮೆ ಕೋಸಂಬರಿಯ ಕಾರ್ಡನ್ನು ಹೊರಗೆಳೆದು ನೋಡುವುದುಂಟು. ಸರ್ವಮಂಗಳಾ ತುಂಬಿದ ಸೊನ್ನೆಗಳೆಲ್ಲ ಗೆರೆಯೊಳಗೇ ಇವೆ. ಇದೊಂದರಲ್ಲಿ ಮಾತ್ರ ನೀಲಿ ಶಾಯಿ ಒಂದು ಕಡೆ ಗೆರೆ ದಾಟಿ ಹೊರಗೆ ಬಂದಿದೆ. ಅಂದು ನಾನು ಶಾಯಿ ತುಂಬುತ್ತಿದ್ದಾಗ ಪಕ್ಕದಲ್ಲೇ ಆ ಮಗು ಎಚ್ಚರಗೊಂಡು ಗಟ್ಟಿಯಾಗಿ ಅಳತೊಡಗಿತ್ತು.