ಶೆಡ್ಡಿನೊಳಗಿನ ಆಮೆ

ಬಾಗಿಲು ತಟ್ಟಿದ ಸದ್ದಿಗೆ ಅವಳು ದಡಬಡಿಸಿ ಎದ್ದಳು. ಚಿಲಕ ತೆಗೆದರೆ ಹೊಸ್ತಿಲಾಚೆ ಅತ್ತೆ ನಿಂತಿದ್ದರು. ಕೈಯಲ್ಲಿ ಟಾರ್ಚಿತ್ತು, ಹೊತ್ತಿಸಿರಲಿಲ್ಲ.

"ಶೆಡ್ಡಿನ ಕಡೆ ಒಂದ್ಸಲ ಹೋಗಿ ನೋಡು."

"ಏನಾಯ್ತು ಅತ್ತೆ?"

ಟಾರ್ಚನ್ನು ಸೊಸೆಯ ಕೈಗೆ ತುರುಕಿ, ಅತ್ತೆ ತಮ್ಮ ಕೋಣೆಗೆ ಹೋಗಿ ಕದ ಹಾಕಿಕೊಂಡರು.

ಗಂಡ ಬೀದಿ ತುದಿಯ ಬಸ್ ಡಿಪೋದಲ್ಲಿ, ರಿಪೇರಿ ವಿಭಾಗದ ರಾತ್ರಿ ಪಾಳಿಯಲ್ಲಿದ್ದ. ಅವಳು ಒಬ್ಬಳೇ ಹಿತ್ತಲಿಗೆ ಹೋದಳು. ಶೆಡ್ಡಿನ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ತಗಡಿನ ಸಂದಿಯಿಂದ ಬೆಳಕು ಬಿಟ್ಟು ನೋಡಿದಳು. ಒಳಗೆ ಆಮೆಯೊಂದರ ಹೊರತು ಬೇರೆ ಜೀವವಿರಲಿಲ್ಲ.

ಆಮೆಯೆಂದರೆ ಕಾರು. ತೀರಿಹೋದ ಮಾವನವರು ಬಿಟ್ಟುಹೋದ, ಗೂನುಬೆನ್ನಿನ, ದುಂಡು ದೀಪಗಳ ಹಳೆಯ ಗಾಡಿ. ಅದರ ಬೆನ್ನು ನೋಡಿ ಬೀದಿಯವರು ಆ ಹೆಸರಿಟ್ಟರು. ಅದರ ನಡೆ ನೋಡಿ ಹೆಸರು ಖಾಯಂ ಮಾಡಿದರು. ಬೇರೆ ಊರಿನ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಅವಳಿಗೆ ಕರೆ ಬಂದಾಗಲೆಲ್ಲ ಗಂಡ ಹೇಳುತ್ತಿದ್ದದ್ದು ಒಂದೇ ಮಾತು: "ಹೋಗೋಣ. ಅಪ್ಪನ ಕಾರನ್ನ ಗುಜರಿಯವನ ಪಾಲು ಮಾಡಿ ಹೋಗೋಕಾಗಲ್ಲ. ಅದು ಓಡಿದ ದಿನವೇ ಅದರಲ್ಲೇ ಹೊರಡೋಣ." ಬೇಡವೆಂಬ ಪದ ಅವನ ಬಾಯಿಂದ ಎಂದೂ ಉದುರಿದ್ದಿಲ್ಲ. ಹಾಗೆಂದೇ ಅವಳು ಎರಡು ಕೆಲಸಗಳನ್ನು ಕೈಬಿಟ್ಟಿದ್ದಳು. ಮೂರನೆಯದಕ್ಕೆ ಸೋಮವಾರ ಬೆಳಿಗ್ಗೆ ಹಾಜರಾಗಬೇಕು. ಇಲ್ಲವಾದರೆ ಮತ್ತೆ ಇದೇ ಅಡುಗೆಮನೆ, ಇದೇ ಕಿಟಕಿ, ಕಿಟಕಿಯಾಚೆ ಅದೇ ಶೆಡ್ಡು.

ಆದ್ದರಿಂದ ಈ ಸಲ ಅವಳೇ ಸೆರಗು ಬಿಗಿದು ಕಾರಿನಡಿ ನುಗ್ಗಿದ್ದಳು. ಹೊಸ ಬಿಡಿಭಾಗಗಳ ಬೆಲೆ ಕೈಗೆಟುಕುವಂತಿರಲಿಲ್ಲ. ರೇಡಿಯೇಟರಿನ ತೂತಿಗೆ ಬೆಸುಗೆ ಹಾಕಿಸಿದಳು. ಹೊಗೆಕೊಳವೆಗೆ ಎಣ್ಣೆಡಬ್ಬಿಯ ತಗಡು ಸುತ್ತಿದಳು. ತನ್ನ ಕೋಣೆಯ ಪರದೆ ಬಿಚ್ಚಿ ಸೀಟಿಗೆ ಹೊದಿಕೆ ಹೊಲಿದಳು. ಒಂದು ಕಡೆ ಸರಿಯಾದರೆ ಇನ್ನೊಂದು ಕಡೆ ಬಾಯಿ ಬಿಡುತ್ತಿತ್ತು. ಆದರೂ ಶನಿವಾರ ಸಂಜೆ ಆಮೆ ಗುಡುಗುಡು ಎನ್ನುತ್ತ ಗೇಟಿನ ತನಕ ಹೋಗಿ, ತಾನೇ ಹಿಂದಕ್ಕೂ ಬಂದಿತ್ತು. ಗಂಡ ಚಪ್ಪಾಳೆ ತಟ್ಟಿ, ಬುತ್ತಿ ಹಿಡಿದು ಡ್ಯೂಟಿಗೆ ಹೋಗಿದ್ದ.

ಭಾನುವಾರ ಬೆಳಿಗ್ಗೆ ಚಾವಿ ತಿರುಗಿಸಿದರೆ ಅದು ಎರಡು ಸಲ ಕೆಮ್ಮಿ ತೆಪ್ಪಗಾಯಿತು.

"ರಾತ್ರಿ ಏನೂ ಕಾಣಲಿಲ್ವಾ?" ಅತ್ತೆ ಕಾಫಿ ಸೋಸುತ್ತ ಕೇಳಿದರು.

"ಕಾಣೋಕೆ ಏನಿತ್ತು? ಬೀಗ ಹಾಕಿತ್ತು. ಅದರ ಕೀಲಿ ನಿಮ್ಮ ತಲೆ ಮೇಲಿನ ಮೊಳೆಗೇ ನೇತಾಡ್ತಿದೆ."

"ಅಂದ್ರೆ ನಾನು ಅಂತೀಯಾ?"

"ನಾನು ಹಾಗಂದೆನಾ?"

"ಅನ್ನದೇನೇ ಅನ್ನೋದು ನಿನಗೆ ಚೆನ್ನಾಗಿ ಬರುತ್ತೆ ಬಿಡು."

ಅವಳ ಅನುಮಾನ ಬಲವಾಯಿತು. ಮಗ ದೂರ ಹೋಗುವುದು ಯಾವ ತಾಯಿಗೆ ಇಷ್ಟ? ತಾವೇ ಕೆಡಿಸಿ, ತಾವೇ ಬಂದು ಬಾಗಿಲು ತಟ್ಟಿದರೆ ತಮ್ಮ ಮೇಲೆ ಯಾರೂ ಬೆರಳು ಮಾಡುವುದಿಲ್ಲವೆಂಬ ಲೆಕ್ಕವಿರಬೇಕು.

ಅಷ್ಟರಲ್ಲಿ ಪಕ್ಕದ ಮನೆಯ ಮೀಸೆ ತಾತ ಹಾಜರಾದರು. ಅದೇ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು; ಆಮೆಯ ರಿಪೇರಿಯೇ ಅವರ ಹೊತ್ತು ಕಳೆಯುವ ದಾರಿ.

"ಇದನ್ನ ಓಡಿಸೋದಕ್ಕಿಂತ ಹೊತ್ಕೊಂಡು ಹೋಗೋದು ಸುಲಭ ಕಣಮ್ಮ," ಎಂದು ಮೀಸೆ ಸವರಿಕೊಂಡರು.

ಅವಳು ನಗಲಿಲ್ಲ. ಗೋಣಿ ಹಾಸಿಕೊಂಡು ಕಾರಿನ ಕೆಳಗೆ ತೆವಳಿದಳು. ಪೆಟ್ರೋಲ್ ಪೈಪಿನ ನಟ್ಟು ಕೈಗೇ ಸಡಿಲವಾಗಿ ಸಿಕ್ಕಿತು. ನಿನ್ನೆ ತಾನೇ ಸ್ಪ್ಯಾನರಿನಿಂದ ಹಲ್ಲು ಕಚ್ಚಿ ಬಿಗಿದಿದ್ದ ನಟ್ಟು! ಅದರ ಮೇಲೆ ನಿನ್ನೆ ಇಲ್ಲದಿದ್ದ, ಇನ್ನೂ ಅಂಟಂಟಾದ ಹಳದಿ ಬಣ್ಣದ ಗೆರೆಯೊಂದಿತ್ತು.

"ತಾತ, ನಟ್ಟಿಗೆ ಯಾರಾದ್ರೂ ಹಳದಿ ಗೆರೆ ಎಳೀತಾರಾ?"

"ಎಳೀದೆ ಮತ್ತೆ? ಡಿಪೋ ಕಾನೂನು ಅದು. ನಟ್ಟು ಸಡಿಲ ಮಾಡಿದವನು ಗೆರೆ ಎಳೀದೆ ಕೈ ತೊಳೆಯೋ ಹಾಗಿಲ್ಲ. ಇಲ್ದಿದ್ರೆ ಮುಂದಿನ ಪಾಳಿಯವನು ತಿಳೀದೆ ಬಸ್ ತೆಗೆದು ಜನರನ್ನ ಕೊಂದಾನು. ನಮಗೆ ನಿದ್ದೆಗಣ್ಣಲ್ಲೂ ಕೈ ಬಣ್ಣದ ಡಬ್ಬಿಗೇ ಹೋಗ್ತಿತ್ತು." ಬಗ್ಗಿ ನೋಡಿದ ತಾತನ ಮುಖ ಕಪ್ಪಿಟ್ಟಿತು. ಚಪ್ಪಲಿ ಮೆಟ್ಟಿಕೊಂಡು ಗೇಟಿನತ್ತ ನಡೆದರು.

ಅತ್ತೆಗೆ ಡಿಪೋದ ಕಾನೂನು ಎಲ್ಲಿ ಗೊತ್ತು? ಅವಳು ಮಸಿ ಮೆತ್ತಿದ ಕೈಯಲ್ಲೇ ಅಡುಗೆಮನೆಗೆ ಬಂದಳು.

"ತಪ್ಪಾಯ್ತು ಅತ್ತೆ. ನಿಮ್ಮ ಮೇಲೆ ಅನುಮಾನ ಪಟ್ಟೆ. ರಾತ್ರಿ ನೀವು ನೋಡಿದ್ದು ಮೀಸೆ ತಾತನನ್ನಲ್ವಾ? ಕಾರು ಹೋದ್ರೆ ಹೊತ್ತು ಹೋಗಲ್ಲ ಅಂತ ತಾನೇ?"

"ಆತ ಆಗಿದ್ರೆ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತಿದ್ದೆ. ನಿನ್ನ ಬಾಗಿಲಿಗೆ ಬಂದು ಬಾಯಿ ಕಟ್ಟಿಕೊಂಡು ಯಾಕೆ ನಿಲ್ತಿದ್ದೆ?"

ಹಿತ್ತಲಿನ ನಲ್ಲಿಯಲ್ಲಿ ನೀರು ಬಿದ್ದ ಸದ್ದಾಯಿತು. ಪಾಳಿ ಮುಗಿಸಿ ಬಂದ ಗಂಡ ಕೈ ತೊಳೆಯುತ್ತ, "ಆಮೆ ಹೇಗಿದೆಯೇ?" ಎಂದು ಎಂದಿನ ಅಕ್ಕರೆಯಲ್ಲೇ ಕೂಗಿದ.

ಅತ್ತೆ ಕಿಟಕಿಯ ಕದವನ್ನು ಸದ್ದಾಗದಂತೆ ಎಳೆದುಕೊಂಡರು.

"ಸಂಜೆ ಬಸ್ಸಿಗೆ ಹೊರಟುಬಿಡು. ನಿನ್ನ ಪೆಟ್ಟಿಗೆಗೆ ಸೀರೆ, ಸರ್ಟಿಫಿಕೇಟು ಎಲ್ಲ ಜೋಡಿಸಿಟ್ಟಿದ್ದೀನಿ. ಕಾರಿಗೆ ಕಾಯಬೇಡ. ಅದು ಓಡೋದಿಲ್ಲ. ಅದನ್ನ ಓಡೋಕೆ ಬಿಡೋದಿಲ್ಲ."

"ಯಾರು ಬಿಡೋದಿಲ್ಲ ಅತ್ತೆ?"

"ನನ್ನ ಮಗ."