ಬೆನ್ನಿನ ಅಳತೆ

ತಮ್ಮನ ಅಂಗಿಗಳನ್ನೆಲ್ಲ ಹೊಲಿಯುವವಳು ನಾನೇ. ಐದು ವರ್ಷಗಳಿಂದ ಅವನ ಬೆನ್ನಿನ ಅಳತೆ ವರ್ಷಕ್ಕೆ ಅರ್ಧ ಇಂಚು ಹೆಚ್ಚುತ್ತಿತ್ತು, ಎದೆಯ ಕಡೆಯ ಉದ್ದ ಕಮ್ಮಿಯಾಗುತ್ತಿತ್ತು. ನಾನು ಅದಕ್ಕೆ ತಕ್ಕಂತೆ ಬಟ್ಟೆ ಕತ್ತರಿಸುತ್ತಿದ್ದೆ. ಅಂಗಿ ಅಚ್ಚುಕಟ್ಟಾಗಿ ಕೂರುತ್ತದೆಂದು ನನಗೆ ಜಂಬ ಬೇರೆ.

ಬೆಳಗ್ಗೆ ಅವನು ಮರಗಟ್ಟಿದವನಂತೆ ಏಳುತ್ತಿದ್ದ. "ನೋವಿದ್ರೆ ಬಿದ್ಕೋ, ಅಲೀಬೇಡ" ಎಂದು ನಾನೇ ಗದರುತ್ತಿದ್ದೆ.

"ಇದು ಬೆನ್ನುಮೂಳೆ ಕೀಲುಗಳ ಉರಿಯೂತ," ಎಂದರು ಡಾಕ್ಟರು, ಕೊನೆಗೊಂದು ದಿನ ಅವನನ್ನು ಆಸ್ಪತ್ರೆಗೆ ಕರೆದೊಯ್ದಾಗ. "ಮಲಗಿದಷ್ಟೂ ಬಿಗಿಯುತ್ತೆ. ಔಷಧಿ ಜೊತೆ ದಿನಾ ವ್ಯಾಯಾಮ ಬೇಕು. ಬೆನ್ನು ಬಾಗೋಕೆ ಶುರುವಾಗಿದ್ದು ಯಾವಾಗ?"

ತಮ್ಮ ತಲೆ ಕೆರೆದುಕೊಂಡ. ಮರುದಿನ ನಾನು ನನ್ನ ಹೊಲಿಗೆ ಅಂಗಡಿಯ ಅಳತೆ ಪುಸ್ತಕ ತಂದು ಡಾಕ್ಟರ ಮುಂದಿಟ್ಟೆ. ಅವರು ಪುಟ ಮಗುಚುತ್ತಾ, "ಇಷ್ಟು ಸರಿಯಾಗಿ ಯಾರೂ ಬರೆದಿಡಲ್ಲಮ್ಮ" ಎಂದರು. ಆ ಹೊಗಳಿಕೆ ಕಪಾಳಕ್ಕೆ ಹೊಡೆದಂತಿತ್ತು.

ಮನೆಗೆ ಬಂದವಳೇ ಟೇಪು ಕೈಗೆತ್ತಿಕೊಂಡೆ.

"ಹೊಸ ಅಂಗೀನಾ ಅಕ್ಕ?"

"ಅಂಗಿಯಲ್ಲ. ಇನ್ಮೇಲೆ ತಿಂಗಳಿಗೊಂದ್ಸಲ ಅಳೀತೀನಿ. ಕೂದಲೆಳೆಯಷ್ಟು ಹೆಚ್ಚಾದ್ರೂ ಕತ್ತರಿ ಮುಟ್ಟಲ್ಲ, ಸೀದಾ ಡಾಕ್ಟರ ಹತ್ರ ಎಳ್ಕೊಂಡು ಹೋಗ್ತೀನಿ. ನೆಟ್ಟಗೆ ನಿಂತ್ಕೋ."

ಅವನು ಆಗುವಷ್ಟು ನೆಟ್ಟಗೆ ನಿಂತ. ಆ ಅಳತೆಯನ್ನೇ ಬರೆದುಕೊಂಡೆ.