ಮನೆಯ ಕಂಪ್ಯೂಟರಿಗೆ ಒಗ್ಗದ ಕ್ಯಾಮೆರಾ

ಗಡಿಯಾರ ರಿಪೇರಿಯವನ ಬಲಗೈ ನಡುಗಲು ಶುರುವಾದದ್ದು ಒಂದು ಬುಧವಾರ ಬೆಳಿಗ್ಗೆ, ಹಲ್ಲುಜ್ಜುವ ಹೊತ್ತಿನಲ್ಲಿ. ಮೊದಲು ಕಿರುಬೆರಳು, ತಿಂಗಳೊಳಗೆ ಅದರ ಪಕ್ಕದ್ದು. ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. ಮಾತ್ರೆ ತಗೊಂಡರೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ, ಸೂಕ್ಷ್ಮ ಕೆಲಸಕ್ಕೆ ಇನ್ನೊಂದು ವರ್ಷ ಸಿಕ್ಕರೆ ಪುಣ್ಯ ಅಂದುಬಿಟ್ಟರು. ಹಳೆಯ ಕೀಲಿ ಕೊಡುವ ಗಡಿಯಾರಗಳನ್ನು ಬಿಚ್ಚಿ ಜೋಡಿಸಬಲ್ಲವನು ಊರಿನಲ್ಲಿ ಅವನೊಬ್ಬನೇ ಉಳಿದಿದ್ದ. ಮಗಳು ಅಂಗಡಿಯಲ್ಲಿ ಪಕ್ಕದಲ್ಲೇ ಕೂತು ಕಲಿಯುತ್ತಿದ್ದಳು, ನಿಜ. ಆದರೆ ಅದು ವರ್ಷದಲ್ಲಿ ಬರುವ ವಿದ್ಯೆಯೇ? ಕೈ ಪೂರ್ತಿ ಕೈಕೊಡುವ ಮೊದಲು ಕೆಲಸವನ್ನೆಲ್ಲ ವಿಡಿಯೋ ಮಾಡಿಟ್ಟರೆ, ಅವಳು ಮನೆಯ ಕಂಪ್ಯೂಟರಿನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿ ಕಲಿತಾಳು. ಅವನಿಗಿದ್ದದ್ದು ಅದೊಂದೇ ಆಸೆ.

ಕ್ಯಾಮೆರಾದ ಗಂಧಗಾಳಿ ಅವನಿಗಿರಲಿಲ್ಲ. ಇಲ್ಲದಿದ್ದರೇನು, ತಮ್ಮನಿದ್ದ. ತಮ್ಮ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುವವನು. ಮನೆಮಂದಿಯೆಲ್ಲ ಅವನನ್ನು ಕರೆಯುವುದೇ ಪಂಡಿತ ಅಂತ. ಅಪ್ಪ ತೀರಿಕೊಂಡ ಮೇಲೆ ಅವನನ್ನು ಸಾಕಿ ಓದಿಸಿದ್ದು ಈ ಅಣ್ಣನೇ. ಗಡಿಯಾರದ ಕೆಲಸವನ್ನೂ ಕಲಿಸಲು ನೋಡಿದ್ದ. ಎರಡನೇ ದಿನಕ್ಕೆ ಕುತ್ತಿಗೆ ನೋವು ಅಂತ ಎದ್ದುಹೋಗಿದ್ದ ಮಹಾರಾಯ. ಆದರೆ ಇಬ್ಬರ ಕೈಗಳು ಮಾತ್ರ ಅಪ್ಪನ ಅಚ್ಚು: ಉದ್ದ ಬೆರಳು, ಅಗಲ ಉಗುರು.

ಕ್ಯಾಮೆರಾ ಅಂಗಡಿಗೆ ಅಣ್ಣತಮ್ಮ ಇಬ್ಬರೂ ಹೋದರು. ಅಂಗಡಿಯವನು ಗಾಜಿನ ಮೇಜಿನ ಮೇಲೆ ಎರಡು ಕ್ಯಾಮೆರಾ ಇಟ್ಟ. ಒಂದು ಮೆಮೊರಿ ಕಾರ್ಡಿನದು. ಮನೆಯ ಕಂಪ್ಯೂಟರಿಗೆ ಸಿಕ್ಕಿಸಿದರೆ ಸಾಕು, ಚಿತ್ರ ಬಂತು. ಇನ್ನೊಂದು ಪುಟ್ಟ ಕ್ಯಾಸೆಟ್ಟಿನದು. ಅದಕ್ಕೆ ಬೇರೆಯದೇ ವೈರು, ಆ ವೈರಿಗೆ ಕಂಪ್ಯೂಟರಿನ ಬೆನ್ನಿನಲ್ಲಿ ಬೇರೆಯದೇ ಕಿಂಡಿ. ಅಣ್ಣ ಕಾರ್ಡಿನದಕ್ಕೆ ಕೈಹಾಕಿದ. ತಮ್ಮ ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ಅಣ್ಣಾ, ಕೂದಲೆಳೆಯಂಥ ಸ್ಪ್ರಿಂಗು ಕಾಣಬೇಕಲ್ವಾ? ಅಷ್ಟು ಚೊಕ್ಕ ಬರೋದು ಕ್ಯಾಸೆಟ್ಟಲ್ಲೇ. ಆ ಕಿಂಡಿ ನನ್ನ ಕಂಪ್ಯೂಟರಲ್ಲಿದೆ, ನಾನು ಇಳಿಸಿ ಡಿಸ್ಕ್ ಮಾಡಿಕೊಡ್ತೀನಿ. ನಿಂಗ್ಯಾಕೆ ಆ ತಲೆನೋವು?"

ಅಂಗಡಿಯವನು ಏನೋ ಹೇಳಲು ಬಾಯಿ ತೆರೆದವನು ತಮ್ಮನ ಮುಖ ನೋಡಿ ಮುಚ್ಚಿಕೊಂಡ. ಅಣ್ಣನಿಗೆ ಅದು ಕಂಡಿತು, ಆದರೆ ಮನಸ್ಸಿಗೆ ಇಳಿಯಲಿಲ್ಲ. ಒಡಹುಟ್ಟಿದವನ ಮಾತಿಗೆ ಅಡ್ಡಮಾತು ಯಾರು ಕೇಳುತ್ತಾರೆ?

ಏಳು ತಿಂಗಳು ಕೆಲಸ ನಡೆಯಿತು. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಮಗಳು ಪಕ್ಕದಲ್ಲಿ ನಿಲ್ಲುವಳು. ಮುಖ ಬೇಡ, ಕೈ ಮಾತ್ರ ಕಾಣಲಿ, ಮಾತೂ ಬೇಡ, ವಿವರಣೆ ಆಮೇಲೆ ಸೇರಿಸಬಹುದು ಅಂತ ಪಂಡಿತನ ಸಲಹೆ. ಕೂದಲೆಳೆ ಸ್ಪ್ರಿಂಗನ್ನು ಎತ್ತುವ ಮುಂಚೆ ಅಪ್ಪ ಚಿಮುಟವನ್ನು ಮೇಜಿಗೆ ಎರಡು ಸಲ ತಟ್ಟುತ್ತಿದ್ದ. ಟಕ್, ಟಕ್. ಫ್ಯಾನು ಆರಿಸು, ಉಸಿರು ಬಿಗಿಹಿಡಿ ಎಂದು ಅದರ ಅರ್ಥ. ಆ ಸ್ಪ್ರಿಂಗು ಉಸಿರಿಗೂ ಹಾರಿಹೋಗುವಂಥದ್ದು. ಮಗಳು ತಟ್ಟನೆ ಸ್ವಿಚ್ಚು ಒತ್ತುವಳು. ಅವರಿಬ್ಬರ ನಡುವೆ ಇದಕ್ಕೆ ಬಾಯಿಮಾತೇ ಬೇಕಿರಲಿಲ್ಲ.

ತುಂಬಿದ ಕ್ಯಾಸೆಟ್ಟು ತಮ್ಮನ ಮನೆಗೆ ಹೋಗುತ್ತಿತ್ತು. ಇಳಿಸಿಕೊಂಡಾಯಿತು, ಇದರ ಮೇಲೆಯೇ ಮತ್ತೆ ತೆಗೀರಿ ಅಂತ ತಿರುಗಿ ಬರುತ್ತಿತ್ತು. ನಾಲ್ಕೇ ಕ್ಯಾಸೆಟ್ಟು ಹೀಗೆ ಸುತ್ತಿ ಸುತ್ತಿ ಅಣ್ಣನ ನಲವತ್ತು ವರ್ಷದ ವಿದ್ಯೆಯನ್ನೆಲ್ಲ ತಮ್ಮನ ಮನೆಗೆ ಹೊತ್ತು ಹಾಕಿದವು. ಕೊನೆಯ ಸಲ ಹೋದವು ಮರಳಿ ಬರಲೇ ಇಲ್ಲ. ಅಷ್ಟರಲ್ಲಿ ನಡುಕ ಮಣಿಕಟ್ಟಿಗೆ ಏರಿತ್ತು. ಡಿಸ್ಕ್ ಎಲ್ಲಪ್ಪಾ ಅಂದರೆ ಇವತ್ತು, ನಾಳೆ. ಕೊನೆಗೊಂದು ಭಾನುವಾರ ತಾನೇ ಬಂದು, ಕಂಪ್ಯೂಟರ್ ಕೆಟ್ಟು ಎಲ್ಲ ಅಳಿಸಿಹೋಯಿತು ಅಂತ ಕಣ್ಣೊರೆಸಿಕೊಂಡ. ಅಣ್ಣನ ಎದೆ ಒಡೆಯಿತು. ಆದರೂ ತಮ್ಮನ ಬೆನ್ನು ಸವರಿ, ಹೋಗಲಿ ಬಿಡೋ, ನೀನೇನು ಬೇಕಂತ ಮಾಡಿದೆಯಾ ಅಂತ ಅವನನ್ನೇ ಸಮಾಧಾನ ಮಾಡಿ ಊಟ ಹಾಕಿ ಕಳಿಸಿದ. ಉಂಡ ಮನೆಯ ಗಳ ಎಣಿಸುವವನಿಗೆ ಊಟ ಬೇರೆ!

ಅಪ್ಪನ ಕೈ ಇನ್ನು ಎಷ್ಟು ಬರುತ್ತದೋ ಅಷ್ಟನ್ನಾದರೂ ಹಿಡಿದಿಡೋಣ ಅಂತ ಮಗಳು ಆ ಕ್ಯಾಮೆರಾ ಹಿಡಿದು ಅಂಗಡಿಗೆ ಹೋದಳು, ಕಾರ್ಡಿನದಕ್ಕೆ ಬದಲಾಯಿಸಿಕೊಳ್ಳಲು. ಅಂಗಡಿಯವನು ಕ್ಯಾಮೆರಾವನ್ನು ಪಕ್ಕಕ್ಕಿಟ್ಟ.

"ಇದನ್ನ ಕೊಳ್ಳೋ ಹಿಂದಿನ ದಿನಾನೇ ನಿಮ್ಮ ಚಿಕ್ಕಪ್ಪ ಒಬ್ಬರೇ ಬಂದಿದ್ರಮ್ಮ. ಅಣ್ಣನ ಮನೆ ಕಂಪ್ಯೂಟರಿಗೆ ಯಾವ ಕ್ಯಾಮೆರಾ ಸಿಕ್ಕಿಸೋಕಾಗಲ್ಲ ಅಂತ ಕೇಳಿದ್ರು. ಎಲ್ರೂ ಸಿಕ್ಕಿಸೋಕಾಗೋದನ್ನ ಕೇಳ್ತಾರೆ. ಅದಕ್ಕೇ ನೆನಪಿದೆ."

ಆಮೇಲೆ ಮೇಜಿನ ಮೇಲಿದ್ದ ಕರಪತ್ರವೊಂದನ್ನು ಅವಳ ಮುಂದೆ ಸರಿಸಿದ. ಪಂಡಿತನ ಕೇಂದ್ರದಲ್ಲಿ ಹೊಸ ತರಗತಿ: ಹಳೆಯ ಗಡಿಯಾರ ರಿಪೇರಿ, ವಿಡಿಯೋ ಪಾಠಗಳೊಂದಿಗೆ.

ಮಗಳು ಹೇಳಿದ್ದನ್ನು ಅಪ್ಪ ಕೇಳಿಸಿಕೊಂಡ. ಚಪ್ಪಲಿ ಮೆಟ್ಟಿಕೊಳ್ಳಲು ಅವನಿಗೆ ಮೂರು ಸಲ ಬೇಕಾಯಿತು. ದಾರಿಯುದ್ದಕ್ಕೂ ಅವನು ಜೊತೆಗಿದ್ದ ಮಗಳಿಗೆ ಹೇಳಿದ್ದು ಒಂದೇ ಮಾತು: ಕೇಳಿದ್ದರೆ ಕೊಡುತ್ತಿದ್ದೆನಲ್ಲ.

ತರಗತಿಯಲ್ಲಿ ಹನ್ನೆರಡು ಜನ, ಹನ್ನೆರಡು ಚಿಮುಟ. ಗೋಡೆಯ ಪರದೆಯ ಮೇಲೆ ಅವನ ಕೈಗಳು, ಚಿಮುಟ ಹಿಡಿದ ಬೆರಳು ಇನ್ನೂ ನಡುಗದ ಕೈಗಳು. ದನಿ ತಮ್ಮನದು. ಧೂಳು ಉದುರಲಿ ಅಂತ ಚಿಮುಟವನ್ನು ಎರಡು ಸಲ ತಟ್ಟಬೇಕು, ಅನ್ನುತ್ತಿತ್ತು ದನಿ. ಹನ್ನೆರಡು ಚಿಮುಟಗಳು ಟಕ್ ಟಕ್ ಎಂದವು. ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಲೇ ಇತ್ತು.

"ಅವು ನನ್ನ ಕೈ," ಅಂದ ಅಣ್ಣ.

ಎಲ್ಲರೂ ತಿರುಗಿದರು. ತಮ್ಮನ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಆದರೆ ನಾಲಿಗೆಗೆ ಏನೂ ಆಗಲಿಲ್ಲ. ಹತ್ತಿರ ಬಂದು ಅಣ್ಣನ ಭುಜದ ಮೇಲೆ ಕೈಯಿಟ್ಟು, ಇವರು ನಮ್ಮಣ್ಣ, ಮೈಯಲ್ಲಿ ಹುಷಾರಿಲ್ಲ, ಬೇಜಾರು ಮಾಡಿಕೋಬೇಡಿ ಅಂತ ತರಗತಿಗೆ ಹೇಳಿದ. ನಂಬಿಸಿ ಕತ್ತು ಕುಯ್ಯುವುದು ಅಂತ ಅಣ್ಣ ಅವರಿವರ ಬಾಯಲ್ಲಿ ಕೇಳಿದ್ದ. ಅದನ್ನು ಇಷ್ಟು ಮೃದುವಾಗಿ ಮಾಡುತ್ತಾರೆ ಅಂತ ಗೊತ್ತಿರಲಿಲ್ಲ.

ಭುಜದ ಮೇಲಿನ ಕೈಯನ್ನು ಕೊಡವಿ ಅವನು ಮುಂದಿನ ಸಾಲಿನ ಮೇಜಿಗೆ ಹೋದ. ಅಲ್ಲಿ ಕೂತಿದ್ದ ಹುಡುಗಿ ಗೌರವದಿಂದ ಎದ್ದು ಜಾಗ ಬಿಟ್ಟಳು. ಬಿಚ್ಚಿಟ್ಟ ಗಡಿಯಾರವೊಂದು ಅವನ ಮುಂದಿತ್ತು. ಅವನು ಚಿಮುಟ ಹಿಡಿದ. ಮಗಳು ಅಪ್ಪ ತಟ್ಟುವುದನ್ನು ಕಾಯಲಿಲ್ಲ. ಹೋಗಿ ಫ್ಯಾನು ಆರಿಸಿ, ಉಸಿರು ಬಿಗಿಹಿಡಿದು ನಿಂತಳು. ಚಿಮುಟ ಮೇಜಿಗೆ ತಾಗಿತು. ಟಕ್, ಟಕ್, ಟಕ್, ಟಕ್, ಟಕ್. ಎಡಗೈಯಿಂದ ಬಲಗೈಯನ್ನು ಅದುಮಿ ಹಿಡಿದರೂ ನಿಲ್ಲಲಿಲ್ಲ.

ಹುಡುಗಿ ಬಗ್ಗಿ, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು.

"ಅಜ್ಜಾ, ಎರಡೇ ಸಲ ತಟ್ಟಬೇಕು. ನಮ್ಮ ಸರ್ ಹಾಗೇ ತೋರಿಸಿದ್ದಾರೆ."